ಬೀಳಿದೆ, ಅಳಿದೆ, ಅಪ್ಪ ಬಂತು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತು. ಓದುವವರಿಗೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನೂ ಕರೆದುಕೊಂಡು ಬಂದಿದ್ದೀರಿ, ತುಂಬಾ ಸಂತೋಷ. ಅವರು ಮಧ್ಯದಲ್ಲಿ ಮಾತಾಡಿದರೆ ದಯವಿಟ್ಟು ಸುಮ್ಮನಿರಿಸಬೇಡಿ. ಇವತ್ತಿನ ವಿಷಯವೇ ಅವರ ಮಾತು.

ನಾನು ಬಹಳ ವರ್ಷ ಶಿಶುವಿಹಾರದಲ್ಲಿ ಪಾಠ ಮಾಡಿದವಳು. ಮಕ್ಕಳು ಆಡಿದ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಆಗಲೇ ಶುರುವಾಯಿತು. ಮೊದಮೊದಲು ಮನೆಯವರಿಗೆ ಹೇಳಿ ನಗಿಸೋಣ ಅಂತ ಬರೆಯುತ್ತಿದ್ದೆ. ಆಮೇಲೆ ಹಳೇ ಪುಟಗಳನ್ನು ತಿರುಗಿಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೇರೆ ಬೇರೆ ಮನೆಯ ಮಕ್ಕಳು, ಬೇರೆ ಬೇರೆ ವರ್ಷ ಶಾಲೆಗೆ ಬಂದವರು, ಒಬ್ಬರ ಮುಖ ಒಬ್ಬರು ನೋಡಿಲ್ಲ, ಆದರೂ ಎಲ್ಲರದ್ದೂ ಒಂದೇ ಥರದ ತಪ್ಪು. ಬಾಯಿಗೆ ಬಂದಂತೆ ಆಡಿದ್ದಾದರೆ ಹೀಗೆ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಅಲ್ವಾ? ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಅದನ್ನೇ. ನಿಮಗೆ ನಗು ತರಿಸುವ ಆ ಮಾತನ್ನು ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಅದು ತಾನೇ ಯೋಚಿಸಿ ಕಟ್ಟಿದ್ದು.

ಮೂರು ವರ್ಷದ ಹುಡುಗನೊಬ್ಬ ಜಾರುಬಂಡೆಯಿಂದ ಬಿದ್ದು, ಮೊಣಕಾಲು ತರಚಿಕೊಂಡು, ನನ್ನ ಹತ್ತಿರ ಓಡಿ ಬಂದ. "ಮಿಸ್, ನಾನು ಬೀಳಿದೆ. ಜೋರಾಗಿ ಅಳಿದೆ" ಅಂದ. ಮನೆಯಲ್ಲಿ ಯಾರಾದರೂ ಬೀಳಿದೆ ಅನ್ನುತ್ತಾರಾ? ಯಾರೂ ಅನ್ನಲ್ಲ. ಹಾಗಾದರೆ ಆ ಮಾತು ಎಲ್ಲಿಂದ ಬಂತು? ಕೇಳು, ಕೇಳಿದೆ. ಹೇಳು, ಹೇಳಿದೆ. ಮಾಡು, ಮಾಡಿದೆ. ದಿನವಿಡೀ ಇದನ್ನೇ ಕೇಳುವ ಮಗು ಇದರಿಂದ ಒಂದು ನಿಯಮ ಹೆಕ್ಕಿ ತೆಗೆದಿದೆ. ಕೇಳು ಕೇಳಿದೆ ಆಗುವುದಾದರೆ ಬೀಳು ಬೀಳಿದೆ ಯಾಕೆ ಆಗಬಾರದು? ಅವನ ಲೆಕ್ಕ ಪೂರ್ತಿ ಸರಿ. ಕನ್ನಡವೇ ಹಠ ಹಿಡಿದು ಬಿದ್ದೆ, ಎದ್ದೆ, ಅತ್ತೆ, ನಕ್ಕೆ, ಕೊಟ್ಟೆ, ಇಟ್ಟೆ ಅಂತ ದಾರಿ ಬಿಟ್ಟು ಹೋಗುತ್ತದೆ. ಇವಕ್ಕೆ ನಿಯಮ ಸಾಲಲ್ಲ, ಒಂದೊಂದನ್ನೂ ನೆನಪಿಟ್ಟುಕೊಳ್ಳಬೇಕು.

ಅಮ್ಮಂದಿರು ಗಾಬರಿಯಾಗುವುದು ಇಲ್ಲೇ. "ಎರಡು ವರ್ಷ ಇದ್ದಾಗ ಬಿದ್ದೆ ಅಂತ ಸರಿಯಾಗೇ ಹೇಳ್ತಿದ್ದ ಮಿಸ್, ಈಗ ಕೆಟ್ಟೋಗಿದ್ದಾನೆ" ಅನ್ನುತ್ತಾರೆ. ಕೆಟ್ಟಿಲ್ಲ. ಆಗ ಹೇಳುತ್ತಿದ್ದದ್ದು ಕೇಳಿದ ಪದವನ್ನು ಹಾಗ್ಹಾಗೇ. ಈಗ ನಿಯಮ ಸಿಕ್ಕಿದೆ, ಸಿಕ್ಕಿದ ಖುಷಿಗೆ ಎಲ್ಲ ಕಡೆ ಹಚ್ಚಿ ನೋಡುತ್ತಿದ್ದಾನೆ. ಕೆಲವು ತಿಂಗಳಿಗೋ, ಸ್ವಲ್ಪ ಜಾಸ್ತಿ ಸಮಯಕ್ಕೋ, ಬಿದ್ದೆ ತಾನಾಗಿ ವಾಪಸ್ ಬರುತ್ತದೆ. ಇಂಗ್ಲಿಷ್ ಮಕ್ಕಳೂ ಹೀಗೇ. ವೆಂಟ್ ಅನ್ನುತ್ತಿದ್ದವರು ಇದ್ದಕ್ಕಿದ್ದ ಹಾಗೆ ಗೋಡ್ (goed) ಅನ್ನೋಕೆ ಶುರು ಮಾಡುತ್ತಾರೆ, ಆಮೇಲೆ ಮತ್ತೆ ವೆಂಟ್‌ಗೆ ಬರುತ್ತಾರೆ.

1958ರಲ್ಲಿ ಜೀನ್ ಬರ್ಕೋ ಅನ್ನುವ ಅಮೆರಿಕದ ಸಂಶೋಧಕಿ ಇದನ್ನು ಬಹಳ ಚೆಂದವಾಗಿ ತೋರಿಸಿಕೊಟ್ಟರು. ಹಕ್ಕಿಯಂತಿರುವ ಒಂದು ಪ್ರಾಣಿಯ ಚಿತ್ರ ಬರೆದು, ಅದಕ್ಕೆ ಇಂಗ್ಲಿಷಿನಲ್ಲಿ ಇಲ್ಲದ ವಗ್ ಅನ್ನುವ ಹೆಸರಿಟ್ಟರು. ಇದು ಒಂದು ವಗ್, ಈಗ ಎರಡಿವೆ, ಎರಡು ಏನು ಅಂತ ಮಕ್ಕಳನ್ನು ಕೇಳಿದರು. ಮಕ್ಕಳು ವಗ್ಸ್ ಅಂದರು. ಹಿಂದೆ ಒಂದು ಸಲವೂ ಕೇಳಿರದ ಪದ ಅದು. ಕೇಳಿದ್ದನ್ನೇ ಗಿಳಿಪಾಠ ಒಪ್ಪಿಸುವುದಷ್ಟೇ ಆಗಿದ್ದರೆ ಅವರು ಬಾಯಿ ಬಿಡುವ ಹಾಗೇ ಇರಲಿಲ್ಲ.

ಕನ್ನಡದಲ್ಲಿ ಇದನ್ನು ಹಾಗೇ ಮಾಡೋಕೆ ಆಗಲ್ಲ. ಮಾತಿನಲ್ಲಿ ನಾವು ಎರಡು ಬಾಳೆಹಣ್ಣು, ಮೂರು ನಾಯಿ ಅಂತೀವಿ, ಗಳು ಸೇರಿಸುವುದು ಕಡಿಮೆ. ಅದಕ್ಕೆ ನಾನು ಬೇರೆ ಆಟ ಆಡಿಸುತ್ತೇನೆ. ಇಲ್ಲೇ ಮಾಡೋಣ. (ಕಾಗದದಲ್ಲಿ ಒಂದು ದುಂಡನೆಯ ಆಕಾರ ಬರೆದು, ಎರಡು ಕಣ್ಣಿಟ್ಟು ತೋರಿಸಿದೆ.) ಮಕ್ಕಳೇ, ಇದರ ಹೆಸರು ಡುಮ. ಡುಮ ಹಸಿದಿದೆ. ಈಗ ನಾವು ಹಾಲು ಯಾರಿಗೆ ಕೊಡೋಣ?

ಮುಂದಿನ ಸಾಲಿನಲ್ಲಿ ಅಜ್ಜಿಯ ತೊಡೆ ಮೇಲೆ ಕೂತಿದ್ದ ಹುಡುಗಿ ತಕ್ಷಣ ಹೇಳಿದಳು: "ಡುಮಂಗೆ. ಅವನಿಗೆ ಹಾಲು ಬೇಡ, ಚಾಕ್ಲೇಟ್ ಬೇಕು."

ನೋಡಿದಿರಾ? ನಾನು ಡುಮ ಹಸಿದಿದೆ ಅಂದೆ, ಹಸಿದಿದ್ದಾನೆ ಅನ್ನಲಿಲ್ಲ. ಅವಳು ಡುಮಂಗೆ ಅಂದಳು, ಅವನಿಗೆ ಅಂದಳು. ಅಪ್ಪಂಗೆ, ಅಣ್ಣಂಗೆ ಇದ್ದ ಹಾಗೆ. ಕಣ್ಣಿಡದೆ ಬರೀ ದುಂಡಗೆ ಬರೆದು ತೋರಿಸಿದ್ದರೆ ಡುಮಕ್ಕೆ ಅಂದಿರುತ್ತಿದ್ದಳೇನೋ, ಮರಕ್ಕೆ, ಪುಸ್ತಕಕ್ಕೆ ಇದ್ದ ಹಾಗೆ. ಅ ಕಾರದಲ್ಲಿ ಮುಗಿಯುವ ಪದಕ್ಕೆ ಕನ್ನಡದಲ್ಲಿ ಎರಡು ದಾರಿ: ಮನುಷ್ಯರಿಗೊಂದು, ವಸ್ತುಗಳಿಗೊಂದು. ಇವಳಿಗೆ ಇದನ್ನು ಹೇಳಿಕೊಟ್ಟವರು ಯಾರು? ಅಜ್ಜಿ, ನೀವಾ? (ಅಜ್ಜಿ ನಗುತ್ತಾ ಇಲ್ಲ ಅಂತ ತಲೆಯಾಡಿಸಿದರು.) ಇನ್ನೂ ಚಿಕ್ಕ ಮಕ್ಕಳು ಇದನ್ನು ಅದಲು ಬದಲು ಮಾಡುವುದನ್ನು ಕೇಳಿದ್ದೇನೆ. ಅಪ್ಪಕ್ಕೆ ಕಾಫಿ ಕೊಡು. ಮರಂಗೆ ನೀರು ಹಾಕು. ಅಪ್ಪ ವಸ್ತುವಾದ, ಮರ ಮನುಷ್ಯನಾಯಿತು. ಎರಡು ದಾರಿ ಇವೆ ಅಂತ ಗೊತ್ತಾಗಿದೆ, ಯಾವುದರಲ್ಲಿ ಯಾರು ಹೋಗಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.

ಇನ್ನು ಅಪ್ಪ ಬಂತು. ಇದನ್ನು ಕೇಳದ ಕನ್ನಡದ ಮನೆ ಇರಲಿಕ್ಕಿಲ್ಲ. ಅಪ್ಪ ಬಂತು, ಅಜ್ಜಿ ಹೋಯ್ತು, ಮಾಮ ಊಟ ಮಾಡ್ತು. ಬಂದ ನೆಂಟರು ನಗುತ್ತಾರೆ. ಆದರೆ ಮಗುವಿನ ಜಾಗದಲ್ಲಿ ನಿಂತು ಕೇಳಿ. ಹುಟ್ಟಿದಾಗಿನಿಂದ ನಾವು ಅದರ ಬಗ್ಗೆ ಹೇಗೆ ಮಾತಾಡುತ್ತೀವಿ? ಪಾಪು ಎದ್ದಿತು, ಪಾಪು ಮಮ್ಮು ತಿಂತು, ಅಯ್ಯೋ ಬಂಗಾರ ಬಿತ್ತು. ಮಗು ಅನ್ನುವುದೇ ಕನ್ನಡದಲ್ಲಿ ನಪುಂಸಕಲಿಂಗ. ತನ್ನ ಬಗ್ಗೆ ಎಲ್ಲರೂ ಪ್ರೀತಿಯಿಂದ ಬಂತು ಹೋಯ್ತು ಅನ್ನುವಾಗ, ತನಗೆ ಪ್ರೀತಿಯ ಅಪ್ಪನ ಬಗ್ಗೆ ಮಗು ಇನ್ನೇನು ಅನ್ನಬೇಕು? ಹವ್ಯಕ ಕನ್ನಡದಲ್ಲಂತೂ ಹೆಂಗಸರ ಬಗ್ಗೆ ದೊಡ್ಡವರೇ ಅಮ್ಮ ಬಂತು, ಅಕ್ಕ ಹೋತು ಅನ್ನುವ ರೂಢಿ ಇದೆ. ಹಾಗಾಗಿ ಅಲ್ಲಿಯ ಮಗು ಅಮ್ಮ ಬಂತು ಅಂದರೆ ಅದು ತಪ್ಪೇ ಅಲ್ಲ.

ಆಮೇಲೆ ಮರ್ಯಾದೆಯ ಪಾಠ ಶುರುವಾಗುತ್ತದೆ. ತಾತ ಬಂದ ಅನ್ನಬಾರದು, ತಾತ ಬಂದರು ಅನ್ನಬೇಕು. ಮಗು ಒಪ್ಪಿಕೊಳ್ಳುತ್ತದೆ, ಒಪ್ಪಿಕೊಂಡ ಮೇಲೆ ಯಾರನ್ನೂ ಬಿಡುವುದಿಲ್ಲ. "ಮಿಸ್, ಹೊರಗಡೆ ನಾಯಿ ಬಂದಿದ್ದಾರೆ." "ಹಸು ಹಾಲು ಕೊಡ್ತಾರೆ." ಒಂದು ಹುಡುಗಿ ಇರುವೆಗೂ ಅವರು ಅನ್ನುತ್ತಿದ್ದಳು. "ಅವರು ಸಕ್ಕರೆ ತಗೊಂಡು ಮನೆಗೆ ಹೋಗ್ತಿದ್ದಾರೆ" ಅಂತ ಸಾಲು ಹೋಗುವ ಇರುವೆಗಳನ್ನು ಬಗ್ಗಿ ನೋಡುತ್ತಾ ಹೇಳಿದ್ದು ನನ್ನ ಪುಸ್ತಕದಲ್ಲಿದೆ. ಅದನ್ನು ತಿದ್ದಲು ನನಗೆ ಮನಸ್ಸೇ ಬರಲಿಲ್ಲ.

ಕರೆಯುವ ವಿಷಯದಲ್ಲಿ ಇನ್ನೊಂದಿದೆ. ಅಮ್ಮ ಅಪ್ಪನನ್ನು ರೀ ಅಂತ ಕರೆಯುವ ಮನೆಗಳಲ್ಲಿ ಮಗುವಿಗೆ ಅಪ್ಪನ ಹೆಸರೇ ರೀ. "ರೀ, ಬನ್ನಿ ಇಲ್ಲಿ" ಅಂತ ಎರಡು ವರ್ಷದ ಮಗು ಅಡುಗೆಮನೆಯಿಂದ ಕೂಗುತ್ತದೆ. (ಇಲ್ಲಿ ತುಂಬಾ ಜನ ನಕ್ಕರು, ಇಬ್ಬರು ಮೂವರು ನಮ್ಮನೆಯಲ್ಲೂ ಹೀಗೇ ಅಂದರು.) ಮಗು ಪಾಪ ಇನ್ನೇನು ಮಾಡುತ್ತೆ? ಒಂದೇ ಮನುಷ್ಯನನ್ನು ಅಜ್ಜಿ ಮಗನೇ ಅಂತಾಳೆ, ಅತ್ತೆ ಅಣ್ಣ ಅಂತಾಳೆ, ಅಮ್ಮ ರೀ ಅಂತಾಳೆ. ನಾನು ಮತ್ತು ನೀನು ಇದಕ್ಕಿಂತ ಕಷ್ಟ. ಮಾತಾಡುವವರು ಬದಲಾದ ಕೂಡಲೇ ನಾನು ಯಾರು ಅನ್ನುವುದೂ ಬದಲಾಗುತ್ತದೆ. ಎರಡೂ ಕೈ ಮೇಲೆತ್ತಿ "ಎತ್ಕೋತೀನಿ, ಎತ್ಕೋತೀನಿ" ಅಂತ ಅಳುವ ಮಗುವನ್ನು ನೀವು ನೋಡಿರುತ್ತೀರಿ. ಅಮ್ಮ ಬಗ್ಗಿ ಎತ್ತಿಕೊಳ್ಳುವಾಗ ಹೇಳುವ ಮಾತು ಅದು. ಮಗುವಿನ ಕಿವಿಗೆ ಆ ಪೂರ್ತಿ ಘಟನೆಯ ಹೆಸರೇ ಎತ್ಕೋತೀನಿ.

ಪದಗಳಿಗೆ ಅರ್ಥ ಹಚ್ಚುವ ಕೆಲಸವೂ ಹೀಗೇ. ಚಂದಮಾಮ ಕಲಿತ ಮಗುವಿಗೆ ಬೀದಿ ದೀಪವೂ ಚಂದಮಾಮ, ಸ್ಟೀಲ್ ತಟ್ಟೆಯೂ ಚಂದಮಾಮ. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಬೆಳವಣಿಗೆಯನ್ನು ದಿನಚರಿಯಲ್ಲಿ ಬರೆದಿಟ್ಟು, ಬಹಳ ವರ್ಷದ ಮೇಲೆ, 1877ರಲ್ಲಿ, ಒಂದು ಲೇಖನವಾಗಿ ಪ್ರಕಟಿಸಿದ. ಆ ಹುಡುಗ ಒಂದು ವರ್ಷದವನಿದ್ದಾಗ ಊಟಕ್ಕೆ ಮಮ್ ಅಂತ ತಾನೇ ಹೆಸರಿಟ್ಟುಕೊಂಡಿದ್ದನಂತೆ. ನಮ್ಮ ಮಮ್ಮು ನೆನಪಾಯಿತಲ್ಲ? ಸಕ್ಕರೆಗೆ ಶು ಮಮ್ ಅಂದ. ಕಪ್ಪು ಅನ್ನುವ ಪದ ಕಲಿತ ಮೇಲೆ, ಕಪ್ಪಗೆ ಸಿಹಿಯಾಗಿರುವ ಅತಿಮಧುರದ ಮಿಠಾಯಿಗೆ ಬ್ಲ್ಯಾಕ್ ಶು ಮಮ್ ಅಂದ. ಕಪ್ಪು ಸಕ್ಕರೆ ಮಮ್ಮು. ಹಳೆ ಪದಗಳನ್ನು ಪೋಣಿಸಿ ಹೊಸದಕ್ಕೆ ಹೆಸರಿಡುವುದು ದೊಡ್ಡವರೂ ಮಾಡುವ ಕೆಲಸವೇ.

ಉಚ್ಚಾರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದು ಎಲ್ಲರಿಗೂ ಗೊತ್ತಿರುವಂಥದ್ದು. ಕ ಬದಲು ತ ಬರುತ್ತದೆ, ಹಾಗಾಗಿ ಅಕ್ಕ ಅತ್ತ ಆಗುತ್ತಾಳೆ, ಕತೆ ತತೆ ಆಗುತ್ತದೆ. ರ ಮತ್ತು ಳ ನಿಧಾನವಾಗಿ ಬರುತ್ತವೆ. ಚಪ್ಪಲಿ ಪಚ್ಚಲಿ ಆಗುತ್ತದೆ. ಆದರೆ ಒಂದು ವಿಷಯ ಗಮನಿಸಿ. ಮಗು ಅತ್ತ ಅಂದಾಗ ನೀವೂ ಮುದ್ದಿಗೆ "ಅತ್ತ ಬಂದ್ಲಾ?" ಅಂತ ಕೇಳಿ ನೋಡಿ. ಸಿಟ್ಟು ಬರುತ್ತದೆ. "ಅತ್ತ ಅಲ್ಲ, ಅತ್ತ!" ಅನ್ನುತ್ತದೆ. ಕಿವಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಿದೆ, ನಾಲಿಗೆ ಇನ್ನೂ ತಿರುಗುತ್ತಿಲ್ಲ. ಇದೇ ಸಂಗತಿಯನ್ನು ಬರ್ಕೋ ಮತ್ತು ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ 1960ರಲ್ಲಿ ಬರೆದರು. ಅಲ್ಲಿ ಮಗು ತನ್ನ ಆಟದ ಫಿಶ್‌ಗೆ ಫಿಸ್ ಅನ್ನುತ್ತಿತ್ತು, ದೊಡ್ಡವರು ಫಿಸ್ ಅಂದರೆ ಒಪ್ಪುತ್ತಿರಲಿಲ್ಲ.

ಕಿವಿಯ ವಿಷಯ ಬಂತು ಅಂತ ಇದೊಂದು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಗಳ ಎಳೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳಿಗೆ ಎರಡೂ ಬೇರೆ ಅಂತ ತಿಳಿಯುತ್ತಿತ್ತು. ಹತ್ತು ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಹೆಚ್ಚಿನ ಕೂಸುಗಳಿಗೆ ಆ ವ್ಯತ್ಯಾಸ ಕೇಳಿಸುವುದು ನಿಂತುಹೋಗಿತ್ತು. ಮನೆಯಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯಿಲ್ಲ ಅಂತ ಕಿವಿಗೆ ಗೊತ್ತಾಗಿಬಿಟ್ಟಿತು. ನಮ್ಮ ಮಕ್ಕಳಿಗೆ ತಟ್ಟೆ ಅನ್ನುವ ಒಂದೇ ಪದದಲ್ಲಿ ತ ಮತ್ತು ಟ ಎರಡೂ ಸಿಗುತ್ತವೆ. ಕೂಸಿಗೆ ಏನು ಅರ್ಥವಾಗುತ್ತೆ ಅಂತ ಅದರ ಜೊತೆ ಮಾತಾಡದೆ ಇರುವವರು ಇದನ್ನು ನೆನಪಿಟ್ಟುಕೊಳ್ಳಬೇಕು ಅಂತ ನನ್ನ ಆಸೆ.

ನನಗೆ ಎಲ್ಲಕ್ಕಿಂತ ಇಷ್ಟ ಮಕ್ಕಳು ನಮ್ಮ ಮಾತನ್ನು ಅಕ್ಷರಶಃ ನಂಬುವುದು. ಕನ್ನಡದಲ್ಲಿ ಎಲ್ಲವೂ ಬರುತ್ತವೆ, ಹೋಗುತ್ತವೆ. ಮಳೆ ಬರುತ್ತೆ, ನಿದ್ದೆ ಬರುತ್ತೆ, ಜ್ವರ ಬರುತ್ತೆ, ಸಿಟ್ಟು ಬರುತ್ತೆ, ಕರೆಂಟ್ ಹೋಗುತ್ತೆ, ಮಾನ ಹೋಗುತ್ತೆ. ನಮಗೆ ಇದು ಅಭ್ಯಾಸವಾಗಿ ಕೇಳಿಸುವುದೇ ಇಲ್ಲ. ಮಗುವಿಗೆ ಕೇಳಿಸುತ್ತದೆ. ಕರೆಂಟ್ ಹೋಯ್ತು ಅಂದಾಗ ಒಬ್ಬ ಕೇಳಿದ: "ಅದರ ಊರಿಗಾ?" ಇನ್ನೊಬ್ಬಳಿಗೆ ಜ್ವರ ಬಂದಿತ್ತು, ಡಾಕ್ಟರ್ ಔಷಧಿ ಕೊಟ್ಟು ನಾಳೆ ಹೋಗುತ್ತೆ ಅಂದರಂತೆ. "ನಾನು ಮಲಗಿದ್ರೆ ಬಾಗಿಲು ತೆಗೆಯೋರು ಯಾರು?" ಅಂತ ಅವಳ ಚಿಂತೆ. ತಲೆ ತಿನ್ನಬೇಡ ಅಂದರೆ "ನಾನು ಚಪಾತಿ ತಿಂದಿದ್ದು" ಅನ್ನುತ್ತಾರೆ. ಬಾಯಿ ಮುಚ್ಚು ಅಂದರೆ ಎರಡೂ ಕೈಯಿಂದ ಮುಚ್ಚಿಕೊಳ್ಳುತ್ತಾರೆ. ಸಾವಿನ ಬಗ್ಗೆಯೂ ನಾವು ಅಜ್ಜ ಹೋಗಿಬಿಟ್ಟರು ಅಂತಲೇ ಹೇಳುವುದಲ್ವಾ? "ಯಾವ ಬಸ್ಸಲ್ಲಿ?" ಅಂತ ನಾಲ್ಕು ವರ್ಷದ ಹುಡುಗ ಕೇಳಿದಾಗ ಮನೆಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಇಂಥ ಹೊತ್ತಲ್ಲಿ ನಗಬೇಡಿ, ಗದರಬೇಡಿ. ಕೂರಿಸಿಕೊಂಡು ನೇರವಾಗಿ, ಅವನಿಗೆ ತಿಳಿಯುವ ಮಾತಲ್ಲಿ, ಅಜ್ಜ ಇನ್ನು ವಾಪಸ್ ಬರಲ್ಲ ಅಂತ ಹೇಳಿ. ಅವನು ತಮಾಷೆ ಮಾಡಿದ್ದಲ್ಲ. ಅಜ್ಜ ಬರುವ ಬಸ್ಸಿಗೆ ಕಾಯುತ್ತಾನೆ.

ನಿನ್ನೆ, ನಾಳೆ ಅದಲು ಬದಲಾಗುವುದನ್ನು ಹೇಳಲೇಬೇಕಿಲ್ಲ. "ನಾಳೆ ಜಾತ್ರೆಗೆ ಹೋಗಿದ್ವಿ." ಇವತ್ತಲ್ಲ ಅನ್ನುವುದು ಗಟ್ಟಿ, ಯಾವ ಕಡೆ ಅನ್ನುವುದು ಬಾಕಿ.

ಕನ್ನಡದ ಮಕ್ಕಳ ಮೇಲೆಯೇ ನಡೆದ ಒಂದು ಅಧ್ಯಯನ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಇಸು ಅಂತ ಒಂದು ಪ್ರತ್ಯಯ ಇದೆಯಲ್ಲ, ಬೀಳು ಬೀಳಿಸು, ತಿನ್ನು ತಿನ್ನಿಸು, ಮಾಡು ಮಾಡಿಸು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯಗಳನ್ನು ಕೇಳಿಸಿ, ಆಟದ ಪ್ರಾಣಿಗಳಿಂದ ಅದನ್ನು ಆಡಿ ತೋರಿಸಲು ಹೇಳಿದರು. ಕೆಲವು ವಾಕ್ಯ ಬೇಕಂತಲೇ ಸೊಟ್ಟ. ಕುದುರೆ ಆನೆಯನ್ನು ಬೀಳುತ್ತದೆ ಅನ್ನುವ ಥರ. ಇಸು ಎಲ್ಲ ಕಡೆ ಒಂದೇ ಕೆಲಸ ಮಾಡುವ ಪ್ರತ್ಯಯ, ಹಾಗಾಗಿ ಮಕ್ಕಳು ಅದನ್ನೇ ಹಿಡಿದುಕೊಳ್ಳುತ್ತಾರೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಅವರು ಇಸು ಕಡೆ ಗಮನ ಕೊಡಲಿಲ್ಲ, ವಾಕ್ಯದಲ್ಲಿ ಎಷ್ಟು ಜನ ಇದ್ದಾರೆ ಅಂತ ನೋಡಿದರು. ಎರಡು ಪ್ರಾಣಿಯ ಹೆಸರು ಇದ್ದರೆ ಒಂದು ಇನ್ನೊಂದಕ್ಕೆ ಏನೋ ಮಾಡಿತು, ಒಂದೇ ಇದ್ದರೆ ತಾನಾಗಿ ಆಯಿತು. ದೊಡ್ಡವರು ಇಸು ಇದೆಯಾ ಇಲ್ಲವಾ ಅನ್ನುವುದನ್ನೂ ಗಣನೆಗೆ ತಗೊಂಡರು. ಮೂರು ವರ್ಷಕ್ಕೇ ಮಗು ಭಾಷೆಯ ಬಗ್ಗೆ ತನ್ನದೇ ಊಹೆ ಇಟ್ಟುಕೊಂಡು ಕೇಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಇನ್ನು ಸ್ವಲ್ಪ ದೊಡ್ಡವರಾದ ಮೇಲೆ ಇಸು ಕೈಗೆ ಸಿಕ್ಕಿತು ಅನ್ನಿ, ಬಿಡೋದೇ ಇಲ್ಲ. ಆಟದ ಸಮಯಕ್ಕೆ ಮಳೆ ಬಂದಾಗ ಒಬ್ಬಳು "ಮಿಸ್, ಮಳೆ ಹೋಗಿಸಿ" ಅಂದಳು. ಬಸ್ಸಿಗೆ ಕಾಯುವಾಗ "ಬಸ್ಸನ್ನ ಬರಿಸು" ಅಂತ ಅಪ್ಪನಿಗೆ ಹೇಳಿದವನಿದ್ದಾನೆ. ಇಂಗ್ಲಿಷ್ ಮಾಧ್ಯಮದ ಮಕ್ಕಳ ಬಾಯಲ್ಲಿ ಓಪನ್ನಿಸು, ಕಟ್ಟಿಸು (ಇಂಗ್ಲಿಷಿನ ಕಟ್‌ನಿಂದ), ವಾಶಿಸು ಕೇಳಿದ್ದೇನೆ. ಅಮೆರಿಕದಲ್ಲಿರುವ ನಮ್ಮ ನೆಂಟರ ಮಗಳು ಫೋನಿನಲ್ಲಿ "ಅಜ್ಜಿ, ನಿನ್ನ ತುಂಬಾ ಮಿಸ್ಸಿದೆ" ಅಂದಾಗ ಅಜ್ಜಿಗೆ ಇದ್ಯಾವ ಕನ್ನಡ ಅಂತ ಬೇಜಾರಾಯಿತು. ನನಗೆ ಭಾರಿ ಖುಷಿ. ಪದ ಇಂಗ್ಲಿಷಿನದ್ದು, ಬಾಲ ಅಪ್ಪಟ ಕನ್ನಡದ್ದು. ಅಷ್ಟು ದೂರದಲ್ಲಿ ಬೆಳೆಯುತ್ತಾ ಕನ್ನಡದ ಕ್ರಿಯಾಪದ ಹೇಗೆ ನಡೆಯುತ್ತೆ ಅನ್ನುವುದನ್ನು ಹಿಡಿದಿದ್ದಾಳೆ. ದೊಡ್ಡವರು ಗೂಗಲಿಸು ಅಂದರೆ ಹೊಸ ಪದ, ಮಗು ಓಪನ್ನಿಸು ಅಂದರೆ ತಪ್ಪು, ಇದು ಯಾವ ನ್ಯಾಯ?

ಹಾಗಾದರೆ ತಿದ್ದಬೇಕಾ ಬೇಡವಾ? ನನ್ನ ಅಭಿಪ್ರಾಯ ಹೇಳುತ್ತೇನೆ. ಹಾಗಲ್ಲ ಹೀಗೆ ಅನ್ನು, ಇನ್ನೊಂದು ಸಲ ಅನ್ನು ಅಂತ ಬಾಯಿಪಾಠ ಮಾಡಿಸಬೇಡಿ. ಆ ಜಾರುಬಂಡೆ ಹುಡುಗನಿಗೆ ನಾನು "ಬೀಳಿದೆ ಅಲ್ಲ ಪುಟ್ಟಾ, ಬಿದ್ದೆ" ಅಂದೆ. "ಹೂಂ ಮಿಸ್, ಬಿದ್ದೆ. ಮೇಲಿಂದ ಬೀಳಿದೆ" ಅಂದ. ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ತೋರಿಸಿದ ಹಾಗೆ, ಅಮ್ಮಂದಿರು ಸಾಮಾನ್ಯವಾಗಿ ಮಗುವಿನ ವ್ಯಾಕರಣಕ್ಕೆ ಹೌದು ಅಲ್ಲ ಅನ್ನುವುದಿಲ್ಲ, ಅದು ಹೇಳಿದ್ದು ನಿಜವಾ ಅಂತ ನೋಡುತ್ತಾರೆ. ಅದರಿಂದ ಮಕ್ಕಳೇನೂ ಹಿಂದೆ ಬೀಳುವುದಿಲ್ಲ. ಅಪ್ಪ ಬಂತು ಅಂದರೆ "ಹೌದು, ಅಪ್ಪ ಬಂದ್ರು, ಕೈಯಲ್ಲಿ ಏನು ತಂದ್ರು ನೋಡು" ಅನ್ನಿ. ಸರಿಯಾದ ರೂಪವೂ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ನಾನು ಖಂಡಿತ ಬೇಡ ಅನ್ನುವುದು ಒಂದೇ: ನೆಂಟರ ಮುಂದೆ ನಿಲ್ಲಿಸಿ, "ಅದೇನಂದೆ ಮರಿ, ಇನ್ನೊಂದ್ಸಲ ಹೇಳು" ಅಂತ ಆಡಿಸಿ ನಗುವುದು. ಒಂದೆರಡು ಸಲ ಮಗುವೂ ನಗುತ್ತದೆ. ಆಮೇಲೆ ಹೊಸಬರ ಮುಂದೆ ಬಾಯಿ ಬಿಡದ ಮಕ್ಕಳನ್ನು ನಾನು ನೋಡಿದ್ದೇನೆ. ಮೊಬೈಲ್ ಎದುರು ಹಿಡಿದು ಹೇಳಿಸುವುದೂ ಅದೇ ಜಾತಿಯದ್ದು.

ಕೊನೆಗೆ ಇಬ್ಬರು ಪ್ರಶ್ನೆ ಕೇಳಿದರು, ಅದನ್ನೂ ಸೇರಿಸುತ್ತೇನೆ.

ಒಬ್ಬ ತಂದೆ, ತಪ್ಪು ಮಾತಾಡಿದರೆ ಚಿಂತೆ ಬೇಡ ಅಂತೀರಿ, ಮಾತೇ ಬರದಿದ್ದರೆ ಅಂದರು. ಬಹಳ ಒಳ್ಳೆ ಪ್ರಶ್ನೆ. ಹೆಸರು ಕರೆದರೆ, ಶಬ್ದ ಆದರೆ ಮಗು ತಿರುಗಿ ನೋಡಲ್ಲ, ಒಂದೂವರೆ ವರ್ಷವಾದರೂ ಒಂದು ಪದವೂ ಇಲ್ಲ, ಎರಡು ವರ್ಷವಾದರೂ ಎರಡು ಪದ ಜೋಡಿಸಲ್ಲ, ಅಥವಾ ಬರುತ್ತಿದ್ದ ಮಾತು ನಿಂತುಹೋಯಿತು ಅಂದರೆ ಕಾಯಬೇಡಿ. ನಮ್ಮ ವಂಶದಲ್ಲಿ ಎಲ್ಲರೂ ತಡವಾಗೇ ಮಾತಾಡಿದ್ದು ಅಂತ ಅಜ್ಜಿ ಹೇಳಿದರೂ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ, ಕನ್ನಡದಲ್ಲೇ ಮಾತಾಡಿಸಿ ನೋಡುತ್ತಾರೆ. ಮನೆಯಲ್ಲಿ ಎರಡು ಭಾಷೆ ಇರುವುದೇ ಕಾರಣ ಅಂದುಕೊಂಡು ಕನ್ನಡ ನಿಲ್ಲಿಸಬೇಡಿ, ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ.

ಇನ್ನೊಬ್ಬರು, ಹುಬ್ಬಳ್ಳಿ ಕಡೆಯವರು, ಬರೆದಿಡುವುದು ಹೇಗೆ ಅಂತ ಕೇಳಿದರು. ತಾರೀಕು, ಮಗುವಿಗೆ ಎಷ್ಟು ವರ್ಷ ಎಷ್ಟು ತಿಂಗಳು, ಯಾವಾಗ ಏನು ನಡೆಯುವಾಗ ಹೇಳಿತು, ಹೇಳಿದ್ದೇನು, ಹೇಳಬೇಕು ಅಂದುಕೊಂಡದ್ದೇನು. ಕಿವಿಗೆ ಬಿದ್ದ ಹಾಗೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅವತ್ತೇ ಬರೆಯಿರಿ, ಯಾಕೆಂದರೆ ವಾರ ಕಳೆದ ಮೇಲೆ ನೆನಪಿರುವುದು ತಮಾಷೆ ಮಾತ್ರ, ನಿಖರವಾದ ಪದ ಹೋಗಿರುತ್ತದೆ. ನನ್ನ ಪುಸ್ತಕದಲ್ಲಿರುವುದೆಲ್ಲ ಹಳೇ ಮೈಸೂರು ಕಡೆಯ ಮಕ್ಕಳ ಮಾತು. ಹುಬ್ಬಳ್ಳಿಯ ಮಗು ಅಲ್ಲಿಯ ಮಾತು ಕೇಳುತ್ತಾ ಬೆಳೆದು ಏನು ಕಟ್ಟುತ್ತದೆ, ಮಂಗಳೂರಿನದು ಏನನ್ನುತ್ತದೆ, ಕಲಬುರಗಿಯದು ಏನನ್ನುತ್ತದೆ ಅಂತ ನನಗೆ ತಿಳಿಯುವ ಆಸೆ ಇದೆ. ನಿಮ್ಮ ಮಗುವಿನ ಹೆಸರು ಬೇಡ. ವಯಸ್ಸು, ಊರು, ಮಾತು, ಇಷ್ಟು ಬರೆದು ಗ್ರಂಥಾಲಯದ ಮೇಜಿನ ಮೇಲಿರುವ ಪುಸ್ತಕದಲ್ಲಿ ಸೇರಿಸಿ. ಮೊದಲ ಪುಟದಲ್ಲಿ ಡುಮಂಗೆ ಚಾಕ್ಲೇಟ್ ಕೊಟ್ಟವಳ ಮಾತನ್ನು ಅವಳ ಅಜ್ಜಿಯೇ ಈಗಾಗಲೇ ಬರೆದಿದ್ದಾರೆ.